ಮೊದಲು ತಾರೀಖು ನೋಡಿ

ಯಾರಾದರೂ "ಇದರಲ್ಲಿ ಏನೂ ಓಪನ್ ಆಗ್ತಿಲ್ಲ" ಎಂದು ಹಳೇ ಫೋನ್ ಕೈಗಿತ್ತರೆ ನಾನು ಮೊದಲು ನೋಡುವುದು ತಾರೀಖು. ಬ್ಯಾಟರಿ ಪೂರ್ತಿ ಇಳಿದು ಬೀರುವಿನಲ್ಲಿ ಬಿದ್ದಿದ್ದ ಫೋನ್ ಎಷ್ಟೋ ಸಲ 1970ರ ಜನವರಿಯಲ್ಲಿ ಕಣ್ಣು ಬಿಡುತ್ತದೆ. ಅದರ ಲೆಕ್ಕದಲ್ಲಿ ಇವತ್ತಿನ ಯಾವ ವೆಬ್‌ಸೈಟಿನ ಸರ್ಟಿಫಿಕೇಟೂ ಇನ್ನೂ ಹುಟ್ಟಿಲ್ಲ. ಹಾಗಾಗಿ ಯಾವುದನ್ನೂ ನಂಬುವುದಿಲ್ಲ. ತಾರೀಖು ತಿದ್ದಿದ ಕೂಡಲೇ ಎಷ್ಟೋ ಆ್ಯಪ್‌ಗಳು ಎದ್ದು ಕೂರುತ್ತವೆ. ಆ ಖುಷಿ ನನಗೆ ಇನ್ನೂ ಹಳತಾಗಿಲ್ಲ.

ಹಾಗೂ ಏಳದಿದ್ದರೆ ನಿಜವಾದ ರುಚಿ ಶುರು. ಅಪ್ಪನ ಮೋಟೋ ಇ 2014ರದ್ದು, ಆಂಡ್ರಾಯ್ಡ್ 5.1ಕ್ಕೆ ನಿಂತಿದೆ. ಪರದೆ, ಸ್ಪೀಕರ್ ಎಲ್ಲ ಗಟ್ಟಿ. ಯಾರನ್ನು ನಂಬಬೇಕೆಂಬ ಪಟ್ಟಿ ಮಾತ್ರ ಹಳೆಯದು. ವೆಬ್‌ಸೈಟುಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟ್ ಆ ಪಟ್ಟಿ ಸೇರಿದ್ದು ಆಂಡ್ರಾಯ್ಡ್ 7.1.1ರಲ್ಲಿ. ಅದಕ್ಕಿಂತ ಹಿಂದಿನ ಫೋನುಗಳು ಇನ್ನೊಂದು ಸಂಸ್ಥೆಯ ಜಾಮೀನಿನ ಮೇಲೆ ನಡೆಯುತ್ತಿದ್ದವು. ಜಾಮೀನು ಕೊಟ್ಟ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೆ ಮೂಲ ಸರ್ಟಿಫಿಕೇಟಿನ ಅವಧಿಯನ್ನು ಆಂಡ್ರಾಯ್ಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನೇ ಹಿಡಿದು ಜಾಮೀನನ್ನು ಇನ್ನೂ ಮೂರು ವರ್ಷ ಎಳೆದರು. ಎಂಥ ಚೆಂದದ ಉಪಾಯ! 2024ಕ್ಕೆ ಅದೂ ತೀರಿತು.

ಈಗ ಬೇಕಾದದ್ದು ಎರಡು ಕೆಬಿಯೂ ಇಲ್ಲದ ಒಂದು ಫೈಲ್: ಲೆಟ್ಸ್ ಎನ್‌ಕ್ರಿಪ್ಟ್‌ನ ಆ ಮೂಲ ಸರ್ಟಿಫಿಕೇಟ್. ಲೆಟ್ಸ್ ಎನ್‌ಕ್ರಿಪ್ಟ್‌ನ ಸೈಟಿನಿಂದಲೇ ಲ್ಯಾಪ್‌ಟಾಪಿಗೆ ಇಳಿಸಿ, ಮೆಮೊರಿ ಕಾರ್ಡಿಗೆ ಹಾಕಿ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಇನ್‌ಸ್ಟಾಲ್ ಮಾಡಬೇಕು. ಫೋನ್ ಮೊದಲು ಪಿನ್ ಇಡು ಅನ್ನುತ್ತದೆ. ಆಮೇಲೆ, ಯಾರೋ ನಿಮ್ಮ ನೆಟ್‌ವರ್ಕ್ ಗಮನಿಸುತ್ತಿರಬಹುದು ಎಂದು ಎಚ್ಚರಿಸುತ್ತದೆ. ಎಚ್ಚರಿಸಲಿ, ಒಳ್ಳೆಯದೇ. ಸಿಕ್ಕಸಿಕ್ಕಲ್ಲಿಂದ ತಂದ ಸರ್ಟಿಫಿಕೇಟ್ ಹಾಕಲೇಬಾರದು. ಮುಗಿಸಿ ಬ್ರೌಸರ್ ತೆರೆದರೆ ನಿನ್ನೆಯವರೆಗೆ ಬಾಗಿಲು ಹಾಕಿಕೊಂಡಿದ್ದ ಪುಟಗಳು ತಕರಾರಿಲ್ಲದೆ ಬರುತ್ತವೆ.

ಆ್ಯಪ್‌ಗಳದು ಇನ್ನೊಂದು ಹುಡುಕಾಟ. ಪಾತ್ರೆಗೆ ಹೊಂದುವ ಮುಚ್ಚಳ ಹುಡುಕಿದ ಹಾಗೆ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಲ್ಲಿ ಹೊಸ ಆವೃತ್ತಿಯ ಕೆಳಗೆ ಹಳೆಯವೂ ಸಾಲಾಗಿರುತ್ತವೆ, ಯಾವುದಕ್ಕೆ ಯಾವ ಆಂಡ್ರಾಯ್ಡ್ ಬೇಕು ಎಂದು ಬರೆದಿರುತ್ತದೆ. ಒಂದೊಂದೇ ಇಳಿಯುತ್ತಾ ಹೋಗಿ 5.1ಕ್ಕೆ ಒಗ್ಗುವ ಕೊನೆಯದನ್ನು ಹಿಡಿಯುವುದರಲ್ಲಿ ಭಾನುವಾರದ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ.

ನನಗೆ ಈ ಹುಚ್ಚು ಹತ್ತಿಸಿದ್ದು ಕನ್ನಡ. ಆಂಡ್ರಾಯ್ಡಿಗೆ ಕನ್ನಡ ಬಂದದ್ದು 2012ರ ಜೆಲ್ಲಿ ಬೀನ್‌ನಲ್ಲಿ; ಅದಕ್ಕೂ ಮುಂಚೆ ನಮ್ಮ ಅಕ್ಷರಗಳಿರಬೇಕಾದಲ್ಲಿ ಬಹುಪಾಲು ಫೋನುಗಳಲ್ಲಿ ಬರೀ ಚೌಕಗಳು. ಆಗ ಒಪೆರಾ ಮಿನಿಯಲ್ಲಿ ವಿಳಾಸ ಬರೆಯುವ ಕಡೆ 'ಒಪೆರಾ:ಕಾನ್‌ಫಿಗ್' ಎಂದು ಟೈಪಿಸಿ, ಬಿಟ್‌ಮ್ಯಾಪ್ ಫಾಂಟಿನ ಸಾಲಿಗೆ 'ಯೆಸ್' ಕೊಟ್ಟರೆ ಒಪೆರಾದ ಸರ್ವರೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಚೌಕಗಳು ಹೋಗಿ ಒತ್ತಕ್ಷರ ಸಮೇತ ಕನ್ನಡ ಮೂಡಿದ್ದನ್ನು ಕಂಡ ಮೇಲೆ, ಯಾವ ಫೋನನ್ನೂ ಇದರ ಕಥೆ ಮುಗೀತು ಎಂದು ಸುಲಭಕ್ಕೆ ಒಪ್ಪಲು ನನ್ನಿಂದಾಗಿಲ್ಲ.

ಬ್ಯಾಂಕಿನ ಆ್ಯಪ್, ಯುಪಿಐ ಮಾತ್ರ ಯಾರು ಕೇಳಿದರೂ ಹಾಕಿಕೊಡುವುದಿಲ್ಲ. ಭದ್ರತೆಯ ಅಪ್‌ಡೇಟ್ ನಿಂತ ಫೋನಿಗೆ ದುಡ್ಡಿನ ವ್ಯವಹಾರ ಒಪ್ಪಿಸುವುದು ತಪ್ಪು. ಹಾಡು, ಸುದ್ದಿ, ಓದು ಇವಕ್ಕೆ ಅಡ್ಡಿಯಿಲ್ಲ. ಅಪ್ಪನಿಗೀಗ ಕನ್ನಡದ ಇ-ಪುಸ್ತಕ ಬೇಕಂತೆ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಒತ್ತು ಚೆದುರದ ಆ್ಯಪ್ 5.1ಕ್ಕೆ ಯಾವುದು ಕೂರುತ್ತದೋ ನೋಡುತ್ತಿದ್ದೇನೆ.