ಮೂಕಿಯ ಭಾರ

2023ರ ಜನವರಿ ಕೊನೆಯಲ್ಲಿ ನಾವು ಗಂಡಹೆಂಡತಿ ಅಮೆರಿಕದ ಮಿನ್ನೆಸೋಟದಲ್ಲಿರುವ ಭಾವಮೈದುನನ ಮನೆಗೆ ಹೋದೆವು. ಎಷ್ಟೋ ವರ್ಷಗಳ ಮೇಲೆ ಅಕ್ಕ ತಮ್ಮ ಭೇಟಿಯಾಗುತ್ತಿದ್ದಾರೆ, ಮಾತು ಮುಗಿಯುವುದಿಲ್ಲ ಎಂದುಕೊಂಡಿದ್ದೆವು. ಆದರೆ ಆತ ಕೈಗೇ ಸಿಗುತ್ತಿರಲಿಲ್ಲ. ಕಚೇರಿಯಿಂದ ಬಂದವನೇ ಚಹಾದ ಲೋಟ ಹಿಡಿದು, ಮನೆಯ ಪಕ್ಕ ಹಿಮದ ನಡುವೆ ನಿಲ್ಲಿಸಿದ್ದ ಒಂದು ಬಿಳಿಯ ಡಬ್ಬದೊಳಗೆ ಹೊಕ್ಕುಬಿಡುತ್ತಿದ್ದ. ರಾತ್ರಿ ಊಟಕ್ಕೆ ಮೂರು ಸಲ ಕರೆಯಬೇಕು.

ಡಬ್ಬ ಎಂದವರು ನಾವು. ಅದು ಸ್ನೋಮೊಬೈಲ್ ಸಾಗಿಸುವ ಮುಚ್ಚಿದ ಟ್ರೇಲರು. 7 ಅಡಿ ಅಗಲ, ಚೂಪು ಮೂತಿಯೂ ಸೇರಿ 23 ಅಡಿ ಉದ್ದ, ಅಲ್ಯುಮಿನಿಯಂ ಮೈ, ಕೆಳಗೆ ನಾಲ್ಕು ಚಕ್ರ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ. ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಯುದ್ಧದ ಟ್ಯಾಂಕಿನಂತೆ ತಿರುಗುವ ರಬ್ಬರ್ ಪಟ್ಟಿ. ಒಂದೊಂದೂ 250 ಕಿಲೋ ಆಸುಪಾಸು ತೂಗುತ್ತದೆ. ಹಿಮ ಚೆನ್ನಾಗಿ ಬೀಳುವ ಕಡೆಗೆ ಅದನ್ನು ಹೊತ್ತುಕೊಂಡೇ ಹೋಗಬೇಕು. ತೆರೆದ ಟ್ರೇಲರಿನಲ್ಲಿ ಒಯ್ದರೆ ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಎರಚಿ ಬಂಡಿಯ ಮೈಗೆಲ್ಲ ಮೆತ್ತುತ್ತದೆ, ತುಕ್ಕು ಹಿಡಿಸುತ್ತದೆ. ಆದ್ದರಿಂದ ಮುಚ್ಚಿದ್ದೇ ಬೇಕು ಎಂಬುದು ಆತನ ವಾದ. ಆಟಕ್ಕಾಗಿ ಇಷ್ಟೊಂದು ದುಡ್ಡು ಸುರಿಯುವುದೇ ಎಂದು ನಮ್ಮೊಳಗೆ ಅನಿಸಿದ್ದು ನಿಜ. ಒಂದು ಸಂಜೆ ಬಾಯಿಬಿಟ್ಟು ಹೇಳಿಯೂಬಿಟ್ಟೆವು.

“ಇದು ಆಟಕ್ಕೆ ಅಂತ ಹುಟ್ಟಿದ್ದಲ್ಲ ದುಲ್ಹಾಭಾಯಿ” ಎಂದು ಆತ ಸ್ಪ್ಯಾನರ್ ಕೆಳಗಿಟ್ಟು ಕೂತ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಹೊಟ್ಟೆನೋವು ಬಂದು ವಿಷಮಿಸಿತು. ರಸ್ತೆಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಗಾಡಿಯ ಹುಚ್ಚು ಅವನಿಗೆ ಹುಡುಗನಾಗಿದ್ದಾಗಿನಿಂದಲೇ ಇತ್ತು. ಮಗ ಹೋದ ಮೇಲೆ ಅದು ಹಟವಾಯಿತು. 1937ರಲ್ಲಿ ಏಳು ಜನ ಕೂರಬಹುದಾದ ಹಿಮಗಾಡಿ ಹೊರಗೆ ಬಂತು. ವೈದ್ಯರು, ಅಂಚೆಯವರು ಅದನ್ನು ಬಳಸಿದರು. ಒಬ್ಬಿಬ್ಬರು ಕೂರುವ ಸಣ್ಣ ಬಂಡಿ 1959ರಲ್ಲಿ ‘ಸ್ಕಿ-ಡೂ’ ಎಂಬ ಹೆಸರಿನಲ್ಲಿ ಬಂದ ಮೇಲೆ ಜನ ಅದನ್ನು ಆಟಕ್ಕೆ ಹಚ್ಚಿದರು. ಮಿನ್ನೆಸೋಟದ ಉತ್ತರ ತುದಿಯ ರೋಸೋ ಊರಿನಲ್ಲೂ 1950ರ ದಶಕದಲ್ಲೇ ಪೊಲಾರಿಸ್‌ನವರು ಇಂಥ ಬಂಡಿ ಮಾಡತೊಡಗಿದ್ದರು. ಇದನ್ನೆಲ್ಲ ಕೇಳಿದ ಮೇಲೆ ದುಡ್ಡಿನ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಮರುದಿನದಿಂದ ನಾವೂ ಟ್ರೇಲರಿನೊಳಗೆ ಹೋಗಿ ಕೂರತೊಡಗಿದೆವು. ಹಿಂದಿನ ಬಾಗಿಲು ಹಿಂದಕ್ಕೆ ಬಿದ್ದರೆ ಅದೇ ಏರುವ ಹಲಗೆ. ಮೂತಿಯ ಬಲಗಡೆಗೆ ಇನ್ನೊಂದು ಅಂಥದೇ ಬಾಗಿಲು. ಹಿಂದಿನಿಂದ ಹತ್ತಿಸಿದ ಬಂಡಿಯನ್ನು ಮುಂದಿನಿಂದ ಇಳಿಸಬಹುದು, ಎತ್ತಿ ತಿರುಗಿಸುವ ಗೋಳಿಲ್ಲ. ಜಾರುಪಟ್ಟಿಗಳ ಅಡಿಯಲ್ಲಿ ಗಟ್ಟಿ ಲೋಹದ ಅಲಗು ಇರುತ್ತದೆ, ಅದು ಪ್ಲೈವುಡ್ ನೆಲವನ್ನು ಉತ್ತುಹಾಕುತ್ತದೆ. ಅದಕ್ಕೆ ಪ್ಲಾಸ್ಟಿಕ್ಕಿನ ದಾರಿ ಹಾಸಿ ಸ್ಕ್ರೂ ಹೊಡೆದ. ಹಿಂದಿನ ಪಟ್ಟಿ ಜಾರದಿರಲು ಅದರ ನಡುವೆ ರಬ್ಬರ್ ಹಾಸು. ಬಂಡಿ ಅಲುಗದಂತೆ ಜಾರುಪಟ್ಟಿಗಳ ಮೇಲೆ ಅಡ್ಡಲಾಗಿ ಬಿಗಿಯುವ ಕಂಬಿ, ಹಿಂದೆ ನೆಲದ ಬಳೆಗಳಿಗೆ ಎಳೆದು ಕಟ್ಟುವ ಪಟ್ಟಿ. ಗೋಡೆಗೆ ಗೂಟಗಳ ಸಾಲು. ಒದ್ದೆ ಕೋಟು, ಕೈಗವಸು, ಹೆಲ್ಮೆಟ್ ಒಣಗಿಸಲು. ಅದಕ್ಕೊಂದು ಗ್ಯಾಸ್ ಹೀಟರು. ಹೀಟರು ಬಂದ ಮೇಲೆ ಗಾಳಿ ಆಡಲು ಮೇಲೊಂದು ಕೆಳಗೊಂದು ಕಿಂಡಿ, ವಿಷಗಾಳಿ ತುಂಬಿದರೆ ಕೂಗುವ ಅಲಾರಂ. ಮುಚ್ಚಿದ ಡಬ್ಬದಲ್ಲಿ ಹೀಟರು ಹೊತ್ತಿಸಿ ನಿದ್ದೆ ಮಾಡಿದವರು ಏಳದೇ ಹೋಗಬಹುದು ಎಂದು ಆತ ನಮ್ಮಾಕೆಗೆ ಎರಡೆರಡು ಸಲ ಹೇಳಿದ.

“ಅಬ್ಬಾನ ಲಾರಿ ವಾಸನೆ ಬೇಡ ಅಂತ ಓದ್ಕೊಂಡು ಇಷ್ಟು ದೂರ ಬಂದೆ. ಇಲ್ಲೂ ಲೋಡು ಕಟ್ತಾ ಕೂತಿದ್ದೀಯಲ್ಲೋ” ಎಂದು ನಮ್ಮಾಕೆ ನಕ್ಕಳು. ಆತ ನಗಲಿಲ್ಲ.

ಮಾವ ತಿಪಟೂರಿನಿಂದ ಕೊಬ್ಬರಿ ಲೋಡು ಹೊತ್ತು ಉತ್ತರದ ಕಡೆಗೆ ಲಾರಿ ಓಡಿಸುತ್ತಿದ್ದವರು. ಒಂದು ಸಲ ದಣಿದು, ಹಮಾಲಿಗಳು ಚೀಲ ತುಂಬುವ ಹೊತ್ತಿಗೆ ನಿದ್ದೆ ಹೋದರು. ಅವಸರದಲ್ಲಿ ಹೇಗೋ ಏರಿಸಿದ ಲೋಡು ಘಾಟಿಯ ತಿರುವಿನಲ್ಲಿ ವಾಲಿತು. ಲಾರಿ ಮಗುಚಿ ಕ್ಲೀನರ್ ಹುಡುಗನ ಒಂದು ಕಾಲು ಹೋಯಿತು. ಮಾವ ಆ ಹುಡುಗನ ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರು. ಲೋಡಿನ ಹೊತ್ತಿನಲ್ಲಿ ಮತ್ತೆಂದೂ ನಿದ್ದೆ ಮಾಡಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಕತೆ ಇದು.

ಹೊರಡುವ ಹಿಂದಿನ ರಾತ್ರಿ ಆತ ಬಚ್ಚಲುಮನೆಯ ತೂಕದ ಯಂತ್ರವನ್ನು ಹೊರಗೆ ತಂದ. ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕೋಲನ್ನು ಇಂಗ್ಲಿಷಿನಲ್ಲಿ ನಾಲಗೆ ಎನ್ನುತ್ತಾರಂತೆ. ನಮ್ಮ ಎತ್ತಿನ ಗಾಡಿಯಲ್ಲಿ ಅದು ಮೂಕಿ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಈ ಮೂಕಿಯ ಮೇಲೆ ಕೂರಬೇಕು. ಹೆಚ್ಚಾದರೆ ಎಳೆಯುವ ಪಿಕಪ್ ಗಾಡಿಯ ಹಿಂಭಾಗ ಕುಸಿದು ಮುಂಚಕ್ರ ಹಗುರಾಗುತ್ತದೆ. ಕಡಿಮೆಯಾದರೆ ಟ್ರೇಲರು ಬಾಲ ಅಲ್ಲಾಡಿಸುತ್ತದೆ. ಆ ಪುಟ್ಟ ಯಂತ್ರ ಅಷ್ಟು ತೂಕ ತಡೆಯುವುದಿಲ್ಲವಲ್ಲ, ಅದಕ್ಕೊಂದು ಉಪಾಯ. ಗಟ್ಟಿ ಹಲಗೆಯ ಒಂದು ತುದಿ ಯಂತ್ರದ ಮೇಲೆ, ಇನ್ನೊಂದು ತುದಿ ಇಟ್ಟಿಗೆಯ ಮೇಲಿಟ್ಟ ಕೊಳವೆಯ ಮೇಲೆ. ಕೊಳವೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಮೂಕಿಯನ್ನು ಇಳಿಸಬೇಕು. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿಯ ಭಾರ. ಯಂತ್ರ 150 ಪೌಂಡು ತೋರಿಸಿತು. ಅಂದರೆ 450 ಪೌಂಡು, ಸುಮಾರು 200 ಕಿಲೋ. ಎರಡು ಬಂಡಿ, ಸಾಮಾನು ಎಲ್ಲ ಸೇರಿ ಟ್ರೇಲರು 1,650 ಕಿಲೋ ಇತ್ತು. ಸರಿಹೋಯಿತು ಎಂದು ಪಿಕಪ್ಪಿಗೆ ಕೊಂಡಿ ಹಾಕಿ, ಸರಪಳಿ ಎರಡನ್ನೂ ಮೂಕಿಯ ಅಡಿಯಲ್ಲಿ ಒಂದರ ಮೇಲೊಂದು ಕತ್ತರಿಯಾಗಿ ಹಾಯಿಸಿದ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ. ಅದೂ ಹರಿದರೆ ಒಂದು ತಂತಿ ಪಿನ್ನನ್ನು ಕಿತ್ತು, ಟ್ರೇಲರಿನ ಸ್ವಂತ ಬ್ಯಾಟರಿಯೇ ಅದರ ಬ್ರೇಕು ಹಿಡಿಯುತ್ತದೆ.

ಬೆಳಗಿನ ಜಾವ ನಾವು ಮಾಡಿದ ಕೆಲಸ ಕೇಳಿ. ನಮ್ಮಾಕೆ ಬಿರಿಯಾನಿಯ ಡಬರಿ, ಹೊದಿಕೆ, ನಮಾಜಿನ ಚಾಪೆಗಳನ್ನು ಕೈಗೆ ಸಿಗುವಂತೆ ಮೂತಿಯಲ್ಲಿ ಇಡಬೇಕೆಂದಳು. ಅಲ್ಲಿ ಜಾಗವೇ ಇರಲಿಲ್ಲ. ಚಕ್ರ ಹೂತರೆ ಕೆಳಗೆ ಹಾಕಲು ತಂದಿದ್ದ, 25 ಕಿಲೋಗೂ ಮಿಕ್ಕಿದ ನಾಲ್ಕು ಮರಳಿನ ಚೀಲ, ಕಬ್ಬಿಣದ ಸಲಕರಣೆ ಪೆಟ್ಟಿಗೆ ಅಲ್ಲಿದ್ದವು. ಆತ ಒಳಗೆ ಮಗಳನ್ನು ಎಬ್ಬಿಸುತ್ತಿದ್ದ. ನಾವಿಬ್ಬರೂ ಪಕ್ಕದ ಸಣ್ಣ ಬಾಗಿಲಿನಿಂದ ಹೊಕ್ಕು ಚೀಲಗಳನ್ನೂ ಪೆಟ್ಟಿಗೆಯನ್ನೂ ಒಂದೊಂದಾಗಿ ಎಳೆದು ಹಿಂದಿನ ಬಾಗಿಲಿಗೆ ಒತ್ತರಿಸಿದೆವು. ಸಹಾಯ ಮಾಡಿದೆವೆಂಬ ಸಮಾಧಾನವೂ ಆಯಿತು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತದೆಂದು ಹಳ್ಳಿಯ ಮಕ್ಕಳಿಗೂ ಗೊತ್ತು. ನಮಗೂ ಗೊತ್ತಿತ್ತು. ಡಬ್ಬಕ್ಕೆ ಬಾಗಿಲು ಹಾಕಿದ ಮೇಲೆ ಅದು ಗಾಡಿ ಎಂಬುದೇ ಮರೆತುಹೋಗಿತ್ತು.

ಹೊರಟದ್ದು ಮಿಷಿಗನ್ ರಾಜ್ಯದ ಕೆವಿನಾ ಎಂಬ ಪರ್ಯಾಯದ್ವೀಪಕ್ಕೆ. ಸುಪೀರಿಯರ್ ಸರೋವರದ ತೇವ ಹೀರಿದ ಗಾಳಿ ಅಲ್ಲಿ ರಾಶಿ ರಾಶಿ ಹಿಮ ಸುರಿಯುತ್ತದೆ. ಡುಲುತ್ ಊರಿನವರೆಗೆ ಹೆದ್ದಾರಿ ಬಹುಮಟ್ಟಿಗೆ ಸಪಾಟು. ದೊಡ್ಡ ಲಾರಿಗಳು ದಾಟಿ ಹೋದಾಗ ಹಿಂದೆ ಏನೋ ತೊನೆದಂತಾಗುತ್ತಿತ್ತು. ಗಾಳಿ ಜೋರಿದೆ ಎಂದುಕೊಂಡು ಆತ ವೇಗ ತಗ್ಗಿಸಿದ. ಊರು ಸಮೀಪಿಸಿದಾಗ ಥಾಂಪ್ಸನ್ ಹಿಲ್ ಎಂಬ ದೊಡ್ಡ ಇಳಿಜಾರು. ಎದುರಿಗೆ ಸರೋವರ ಹರಡಿಕೊಂಡಿತ್ತು. “ಮಾಷಾ ಅಲ್ಲಾಹ್” ಎಂದು ನಮ್ಮಾಕೆ ಹೇಳಿ ಮುಗಿಸಿರಲಿಲ್ಲ, ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಎಡಕ್ಕೆ ಎಳೆದಂತಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ದೊಡ್ಡದಾಗಿ. ಕನ್ನಡಿಯಲ್ಲಿ ಟ್ರೇಲರು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಇಣುಕುತ್ತಿತ್ತು. ಹಿಂದೆ ಕೂತಿದ್ದ ಮಗಳು ಕಿರುಚಿದಳು.

ಅಂಥ ಹೊತ್ತಿನಲ್ಲಿ ಯಾರಿಗಾದರೂ ಕಾಲು ಬ್ರೇಕಿಗೆ ಹೋಗುತ್ತದೆ. ಹಾಗೆ ಮಾಡಿದರೆ ಮುಂದಿನ ಗಾಡಿ ತಡೆಯುತ್ತದೆ, ಹಿಂದಿನದು ನೂಕುತ್ತದೆ, ಎರಡೂ ಮಡಚಿಕೊಳ್ಳುತ್ತವೆ. ಆತ ಆಕ್ಸಿಲರೇಟರಿನಿಂದ ಕಾಲು ತೆಗೆದ. ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸದೆ ನೇರ ಹಿಡಿದ. ಬಲಗೈಯಿಂದ ಡ್ಯಾಶ್‌ಬೋರ್ಡಿನ ಕೆಳಗಿದ್ದ ಪುಟ್ಟ ಕೀಲನ್ನು ಒತ್ತಿದ. ಅದು ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವಂಥದು. ಹಿಂದಿನಿಂದ ಯಾರೋ ಹಗ್ಗ ಜಗ್ಗಿದಂತಾಗಿ ಓಲಾಟ ನಿಧಾನಕ್ಕೆ ನಿಂತಿತು. ಎಲ್ಲ ಸೇರಿ ಹತ್ತು ಸೆಕೆಂಡು ಇದ್ದೀತು.

ರಸ್ತೆಯ ಪಕ್ಕದಲ್ಲಿ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಇಳಿದು ಹೋದ. ಪಕ್ಕದ ಬಾಗಿಲು ತೆಗೆದ ಸದ್ದು ಕೇಳಿತು. ಆಮೇಲೆ ಸದ್ದೇ ಇಲ್ಲ. ನಾವು ಇಳಿದು ಹೋಗಿ ನೋಡಿದರೆ ಬಿರಿಯಾನಿಯ ಡಬರಿಯ ಮುಂದೆ ನಿಂತಿದ್ದ.

“ಚೀಲ ಹಿಂದಕ್ಕೆ ಯಾರು ಹಾಕಿದ್ದು?”

“ನಾವೇ” ಎಂದೆವು.

ಆತ ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ಒಂದೊಂದೇ ಚೀಲವನ್ನು ಎತ್ತಿ ಮುಂದಕ್ಕೆ ತಂದ. ಕೈ ನಡುಗುತ್ತಿತ್ತು. ನಾವು ಹಿಡಿಯಲು ಹೋದರೆ ಬೇಡವೆಂದು ತಲೆ ಅಲ್ಲಾಡಿಸಿದ. ಕೊನೆಯ ಚೀಲ ಇಟ್ಟು, “ಆಪಾ, ನಾನು ಬೆಳಿಗ್ಗೆ ಬಾಗಿಲು ತೆಗೆದು ನೋಡಬೇಕಿತ್ತು” ಎಂದ. ನಮ್ಮಾಕೆ ಅಲ್ಲೇ ಹಿಮದಲ್ಲಿ ನಿಂತು ಅತ್ತಳು. ಆ ಹುಡುಗನ ಕಾಲಿನ ಕತೆಯನ್ನು ಎಷ್ಟೋ ಸಲ ಎಷ್ಟೋ ಜನರಿಗೆ ನಾವೇ ಹೇಳಿದ್ದೇವೆ, ಅವಸರದ ಹಮಾಲಿಗಳನ್ನು ಬಯ್ದೂ ಇದ್ದೇವೆ.

ಮುಂದಿನ ದಾರಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಶ್‌ಲ್ಯಾಂಡಿನಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಚಕ್ರದ ನಟ್ಟುಗಳನ್ನು ಒಂದು ಸುತ್ತು ಬಿಗಿದು ನೋಡಿದ. ಮಗಳು ಟಾರ್ಚು ಹಿಡಿದಿದ್ದಳು.

ಕೆವಿನಾದಲ್ಲಿ ಮೂರು ದಿನ ಇದ್ದೆವು. ಅಲ್ಲಿ ಹೆದ್ದಾರಿಯ ಪಕ್ಕ ಹಿಮ ಅಳೆಯುವ ದೊಡ್ಡ ಪಟ್ಟಿಯೊಂದನ್ನು ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ ಬಿದ್ದ 390.4 ಅಂಗುಲದ ಗುರುತು ಅದರ ಮೇಲಿದೆ. ನಮ್ಮಾಕೆ ತಮ್ಮನ ಬೆನ್ನ ಹಿಂದೆ ಬಂಡಿ ಏರಿ ಕಾಡೊಳಗೆ ಒಂದು ಸುತ್ತು ಹೋಗಿ ಬಂದಳು. ನಾವು ಹೋಗಲಿಲ್ಲ, ಹೀಟರಿನ ಮುಂದೆ ಕಿಂಡಿ ತೆರೆದುಕೊಂಡು ಕೂತಿದ್ದೆವು.

ಹಿಂದಿರುಗುವ ದಿನ ಆತ ತೂಕದ ಯಂತ್ರವನ್ನು ಅಕ್ಕನ ಕೈಗೆ ಕೊಟ್ಟು, “ಈ ಸಲ ಲೋಡು ನಿಮ್ಮದು” ಎಂದ. ಚೀಲ, ಪೆಟ್ಟಿಗೆ, ಖಾಲಿ ಡಬರಿಗಳಿಗೆ ನಾವೇ ಜಾಗ ಹುಡುಕಿದೆವು. ಹಲಗೆ ಹಾಕಿ ಮೂಕಿ ಇಳಿಸಿದಾಗ ಯಂತ್ರ 148 ತೋರಿಸಿತು. ಉರ್ದು ಶಾಲೆಯಲ್ಲಿ ಕಲಿತ ಪಹಾಡೆಯಲ್ಲಿ ಮೂರರಿಂದ ಗುಣಿಸಿ 444 ಎಂದು ಕೂಗಿದೆವು. ಆತ ತಲೆಯಾಡಿಸಿದ. ಕೊಂಡಿ ಹಾಕಿದ, ಸರಪಳಿ ಹಾಯಿಸಿದ. ಹೊರಡುವ ಮುನ್ನ ಪಕ್ಕದ ಬಾಗಿಲು ತೆಗೆದು ಟಾರ್ಚು ಬಿಟ್ಟು ಒಳಗೆಲ್ಲ ಇನ್ನೊಮ್ಮೆ ನೋಡಿದ. ನಮ್ಮ ಮಾತು ನಂಬಲಿಲ್ಲವೆಂದು ನಮ್ಮಾಕೆಗೆ ಸ್ವಲ್ಪ ಬೇಸರವಾಯಿತು. ನಮಗಾಗಲಿಲ್ಲ.