ಕಂಪ್ಯೂಟರಿಗೊಂದು ಕ್ರೋಶಾ ಹೊದಿಕೆ

ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮ ಬೀದಿಯಲ್ಲಿ ಎದುರುಬದುರಾಗಿ ಎರಡು ದಿನಸಿ ಅಂಗಡಿಗಳಿದ್ದವು. ಒಬ್ಬ ‘ಇಲ್ಲಿ ಅಪ್ಪಟ ತುಪ್ಪ ಸಿಗುತ್ತದೆ’ ಎಂದು ಬೋರ್ಡು ಬರೆಸಿದರೆ ಮರುದಿನವೇ ಎದುರಿನವನು ‘ಇಲ್ಲಿ ನಿಜವಾಗಿಯೂ ಅಪ್ಪಟ ತುಪ್ಪ’ ಎಂದು ಬರೆಸುತ್ತಿದ್ದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಮೆರಿಕದ ಕಂಪ್ಯೂಟರ್ ಕಂಪನಿಗಳ ಜಗಳವೂ ಹೆಚ್ಚುಕಡಿಮೆ ಇದೇ ಜಾತಿಯದು ಎಂದು ನನಗೆ ತಿಳಿದದ್ದು ಕಳೆದ ದಸರಾ ರಜೆಯಲ್ಲಿ, ಎಂಟನೇ ತರಗತಿಯ ನನ್ನ ಮೊಮ್ಮಗಳಿಂದ.

ಶಾಲೆಯಲ್ಲಿ ಅವಳಿಗೆ ಜಾಹೀರಾತುಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ನಾನು ಊಟದ ಮೇಜಿನ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವಳು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, “ಅಜ್ಜೀ, ಹಳೇ ಕಾಲದ ಜಗಳ ತೋರಿಸ್ತೀನಿ, ಬಾ” ಎಂದಳು. ಜಗಳ ಎಂದರೆ ಯಾರಿಗೆ ಬೇಡ ಹೇಳಿ? ಸೊಪ್ಪಿನ ತಟ್ಟೆಯನ್ನು ಅತ್ತ ಸರಿಸಿ ಕೂತೆ.

ಕಥೆ ಶುರುವಾಗುವುದು 1981ರಲ್ಲಿ. ಆಪಲ್ ಎಂಬ ಹೊಸ ಕಂಪನಿ ಮನೆಗಳಿಗೆ ಕಂಪ್ಯೂಟರ್ ಮಾರುತ್ತಾ ಆಗಲೇ ಹೆಸರು ಮಾಡಿತ್ತು. ಆ ವರ್ಷದ ಆಗಸ್ಟಿನಲ್ಲಿ ಐಬಿಎಂ ಎಂಬ ಹಳೆಯ ದೊಡ್ಡ ಕಂಪನಿಯೂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಆಪಲ್‌ನವರು ಹೆದರಿದರೇ? ಹೆದರಿದ್ದರೂ ತೋರಿಸಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ‘ಐಬಿಎಂಗೆ ಸ್ವಾಗತ, ತಮಾಷೆಗಲ್ಲ’ ಎಂದು ಬರೆದರು. ಮನೆಗೆ ಹೊಸ ಸೊಸೆ ಬಂದಾಗ ಹಿರಿಯ ಸೊಸೆ ಬಾಗಿಲಲ್ಲಿ ನಿಂತು “ಬಾಮ್ಮಾ, ಬಾ” ಎನ್ನುವ ಧಾಟಿ ಇದೆಯಲ್ಲ, ಅದೇ!

ಹೊಸ ಸೊಸೆಯೇನು ಕಡಿಮೆಯೇ? ಐಬಿಎಂನವರು ಚಾರ್ಲಿ ಚಾಪ್ಲಿನ್ನನ ವೇಷದ ನಟನನ್ನು ಕರೆತಂದರು. ಅದೇ ಟೋಪಿ, ಅದೇ ಕೋಲು, ಅದೇ ಮೀಸೆ. ಚಾಪ್ಲಿನ್ 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಯಂತ್ರದ ಹಲ್ಲಿಗೆ ಸಿಕ್ಕಿ ಒದ್ದಾಡಿದ್ದವನು. ಅವನ ವೇಷವನ್ನೇ ಯಂತ್ರ ಮಾರಲು ಬಳಸಿದರಲ್ಲ, ಅವರ ಜಾಣತನಕ್ಕೆ ಏನೆನ್ನೋಣ! ‘ಇವನಂಥ ಇವನೇ ಸಂಭಾಳಿಸಬಲ್ಲ ಅಂದಮೇಲೆ ನಿಮಗೇಕೆ ಭಯ’ ಎಂಬಂತಿತ್ತು ಅದು.

ಆಮೇಲೆ ಮೊಮ್ಮಗಳು ತೋರಿಸಿದ್ದು 1984ರ ಜನವರಿ 22ರಂದು, ಅಮೆರಿಕದ ಫುಟ್‌ಬಾಲ್ ಫೈನಲ್ ನಡುವೆ ಬಂದ ಒಂದು ನಿಮಿಷದ ಆಪಲ್ ಜಾಹೀರಾತು. ಚಿತ್ರ ನಿರ್ದೇಶಕ ರಿಡ್ಲಿ ಸ್ಕಾಟ್ ತೆಗೆದದ್ದು. ತಲೆ ಬೋಳಿಸಿಕೊಂಡ ಬೂದು ಬಣ್ಣದ ಗಂಡಸರು ಸಾಲು ಸಾಲಾಗಿ ಕೂತು, ಪರದೆಯ ಮೇಲೆ ಒಬ್ಬ ಮಾಡುತ್ತಿರುವ ಭಾಷಣ ಕೇಳುತ್ತಿದ್ದಾರೆ. ಅಷ್ಟರಲ್ಲಿ ಕೆಂಪು ಚಡ್ಡಿ, ಬಿಳಿ ಬನೀನು ತೊಟ್ಟ ಹುಡುಗಿಯೊಬ್ಬಳು ಕೈಯಲ್ಲಿ ದೊಡ್ಡ ಸುತ್ತಿಗೆ ಹಿಡಿದು ಓಡಿ ಬರುತ್ತಾಳೆ. ಗಿರ್ರನೆ ತಿರುಗಿಸಿ ಎಸೆದರೆ ಪರದೆ ಪುಡಿಪುಡಿ! ಆ ಪರದೆಯವನು ಐಬಿಎಂ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಆಪಲ್ ನಿರ್ದೇಶಕ ಮಂಡಳಿಯವರಿಗೇ ಇದು ಇಷ್ಟವಾಗಿರಲಿಲ್ಲವಂತೆ. ಆದರೆ ಜನ ಮಾತಾಡಿದ್ದೇ ಮಾತಾಡಿದ್ದು. ಎರಡು ದಿನ ಕಳೆದು ಮ್ಯಾಕಿಂಟಾಶ್ ಕಂಪ್ಯೂಟರ್ ಬಂತು. ಬೆಲೆ 2,495 ಡಾಲರ್.

ನಾನು ಚಪ್ಪಾಳೆ ತಟ್ಟಿದೆ. “ನೋಡಿದ್ಯಾ, ಹುಡುಗಿ ಅಂದ್ರೆ ಹೀಗಿರಬೇಕು!”

ಮೊಮ್ಮಗಳು ತಣ್ಣಗೆ ಕೇಳಿದಳು: “ಸರಿ ಅಜ್ಜೀ, ಆದ್ರೆ ಅವಳು ಕಂಪ್ಯೂಟರ್ ಮುಂದೆ ಕೂತ್ಕೊಂಡ್ಳಾ?”

ಹೌದಲ್ಲ! ಇಡೀ ಜಾಹೀರಾತಿನಲ್ಲಿ ಕಂಪ್ಯೂಟರೇ ಕಾಣಿಸುವುದಿಲ್ಲ. ಅವಳು ಗೋಡೆ ಒಡೆದು ದಾರಿ ಮಾಡಿಕೊಟ್ಟಳು, ಅಷ್ಟೆ.

ಮುಂದೆ 2006ರಿಂದ 2009ರವರೆಗೆ ಆಪಲ್‌ನವರು ಇಬ್ಬರು ಗಂಡಸರನ್ನು ನಿಲ್ಲಿಸಿ ಅರವತ್ತಕ್ಕೂ ಹೆಚ್ಚು ಜಾಹೀರಾತು ಮಾಡಿದರು. ಜೀನ್ಸ್ ತೊಟ್ಟ ಚಂದದ ಹುಡುಗ ‘ನಾನು ಮ್ಯಾಕ್’ ಎನ್ನುತ್ತಾನೆ. ಕೋಟು ತೊಟ್ಟ ದಪ್ಪಗಿನ ಗುಮಾಸ್ತನಂಥವನು ‘ನಾನು ಪಿಸಿ’ ಎನ್ನುತ್ತಾನೆ. ಪಾಪ, ಪ್ರತಿ ಸಲವೂ ಅವನಿಗೇ ನೆಗಡಿ, ಅವನೇ ಬೀಳುವುದು. ಒಂದರಲ್ಲಿ ಹೆಸರಾಂತ ರೂಪದರ್ಶಿ ಜಿಸೆಲ್ ಬುಂಡ್ಚೆನ್ ಬರುತ್ತಾಳೆ. ಅವಳು ಕಂಪ್ಯೂಟರೂ ಅಲ್ಲ, ಅದನ್ನು ಬಳಸುವವಳೂ ಅಲ್ಲ. ಮ್ಯಾಕ್ ತಯಾರಿಸಿದ ವಿಡಿಯೋ ಅಂತೆ ಅವಳು! ಇದಕ್ಕೆ ಉತ್ತರವಾಗಿ, ಪಿಸಿಗಳಿಗೆ ವಿಂಡೋಸ್ ಒದಗಿಸುವ ಮೈಕ್ರೋಸಾಫ್ಟ್ 2009ರಲ್ಲಿ ಒಬ್ಬ ತರುಣಿಯನ್ನು ಅಂಗಡಿಗೆ ಕಳಿಸಿತು. ಸಾವಿರ ಡಾಲರಿನೊಳಗೆ ದೊಡ್ಡ ಪರದೆಯ ಲ್ಯಾಪ್‌ಟಾಪ್ ಬೇಕು ಅವಳಿಗೆ. ಆಪಲ್ ಅಂಗಡಿಯಿಂದ ಬರಿಗೈಯಲ್ಲಿ ಬಂದು, ಕೊನೆಗೆ 699 ಡಾಲರಿನದನ್ನು ಕೊಂಡು ಕುಣಿದಾಡುತ್ತಾಳೆ. ಅಂತೂ ಹೆಣ್ಣಿಗೂ ಕಂಪ್ಯೂಟರ್ ಬೇಕೆಂದು ಒಪ್ಪಿದರಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಜಗಳವಾಡಿದವರ ಕತೆ ಏನಾಯಿತು ಗೊತ್ತೇ? 1997ರಲ್ಲಿ ಆಪಲ್ ಮುಳುಗುವ ಸ್ಥಿತಿಗೆ ಬಂದಾಗ ಅದೇ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡಿತ್ತು. ಐಬಿಎಂ ತನ್ನ ಪಿಸಿ ವ್ಯಾಪಾರವನ್ನೇ 2005ರಲ್ಲಿ ಚೀನಾದ ಲೆನೊವೊ ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ‘ನಾನು ಮ್ಯಾಕ್’ ಎನ್ನುತ್ತಿದ್ದ ಹುಡುಗ 2021ರಲ್ಲಿ ಇಂಟೆಲ್ ಕಂಪನಿಯ ಜಾಹೀರಾತಿನಲ್ಲಿ ಪಿಸಿಯನ್ನು ಹೊಗಳಿದ. ನಾನು ಹೇಳಲಿಲ್ಲವೇ, ಎಲೆ ಅಡಿಕೆಯ ಕಟ್ಟೆ!

ನಗುತ್ತಿದ್ದ ನಾನು ಸುಮ್ಮನಾದದ್ದು ಮೊಮ್ಮಗಳು ತನ್ನ ಟಿಪ್ಪಣಿ ಓದಿದಾಗ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ 1984ರಲ್ಲಿ ನೂರಕ್ಕೆ 37ರಷ್ಟು ಹೆಣ್ಣುಮಕ್ಕಳಿದ್ದರು. ಸುತ್ತಿಗೆಯ ಹುಡುಗಿ ಓಡಿದ ವರ್ಷವೇ ಅದು. ಅಲ್ಲಿಂದ ಇಳಿಯುತ್ತಾ 2010ರ ಹೊತ್ತಿಗೆ ಆ ಸಂಖ್ಯೆ ಸುಮಾರು 18ಕ್ಕೆ ಬಂತು. ಕಾರಣಗಳು ಹಲವು. ಆದರೆ ಆ ಕಾಲದಲ್ಲಿ ಮನೆಯ ಕಂಪ್ಯೂಟರನ್ನು ಹೆಚ್ಚಾಗಿ ಗಂಡುಮಕ್ಕಳ ವಸ್ತುವೆಂದೇ ಮಾರಿದರು ಎಂಬುದೂ ಒಂದು. ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಷರ್ ಎಂಬಿಬ್ಬರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮಾತಾಡಿಸಿ 2002ರಲ್ಲಿ ಪುಸ್ತಕ ಬರೆದರು. ಅವರಿಗೆ ಮತ್ತೆ ಮತ್ತೆ ಕಂಡದ್ದು ಒಂದು ಸಣ್ಣ ಸಂಗತಿ: ಮನೆಗೆ ಬಂದ ಕಂಪ್ಯೂಟರ್ ಹೆಚ್ಚಾಗಿ ಮಗನ ಕೋಣೆಗೆ ಹೋಗುತ್ತಿತ್ತು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಮೆಲ್ಲಗೆ ಅಂದಳು: “ನಮ್ಮನೇಲೂ ಹಾಗೇ ಇತ್ತಲ್ಲಮ್ಮ.”

1997ರಲ್ಲಿ ನಮ್ಮವರು ಪಿ.ಎಫ್. ಸಾಲ ತೆಗೆದು ಕಂಪ್ಯೂಟರ್ ತಂದಿದ್ದರು. ಮಗ ಎಂಟನೇ ತರಗತಿ. ಮಗಳು ಪಿಯುಸಿ, ಲೆಕ್ಕದಲ್ಲಿ ಯಾವಾಗಲೂ ಮುಂದು. ಕಂಪ್ಯೂಟರ್ ಎಲ್ಲಿಡುವುದೆಂದು ನಾವು ಚರ್ಚೆಯನ್ನೇ ಮಾಡಲಿಲ್ಲ. ಅದು ತಾನಾಗಿ ಮಗನ ಕೋಣೆಗೆ ಹೋಯಿತು. ಧೂಳು ಕೂರಬಾರದೆಂದು ನಾನು ಹದಿನೈದು ದಿನ ಕೂತು ಕ್ರೋಶಾದಲ್ಲಿ ಹೊದಿಕೆ ಹೆಣೆದೆ, ಅಂಚಿಗೆ ಗುಲಾಬಿ ಹೂವು ಬೇರೆ. ಒಂದೆರಡು ಸಲ ಮಗಳು “ಅಮ್ಮಾ, ನಾನೂ ಸ್ವಲ್ಪ ಕೂತ್ಕೊಳ್ಲಾ?” ಎಂದು ಕೇಳಿದ್ದು ನೆನಪಿದೆ. “ತಮ್ಮಂದು ಮುಗೀಲಿ ತಡಿ” ಎಂದಿದ್ದೆ. ಅವನದು ಮುಗಿಯುತ್ತಲೇ ಇರಲಿಲ್ಲ. ಅವಳು ಕೇಳುವುದನ್ನು ಬಿಟ್ಟಳು. ಬಿ.ಕಾಂ. ಮಾಡಿದಳು, ಬ್ಯಾಂಕಿಗೆ ಸೇರಿದಳು, ಚೆನ್ನಾಗಿಯೇ ಇದ್ದಾಳೆ. ಆದರೆ ಇಷ್ಟು ವರ್ಷ ಅವಳಿಗೆ ಅದು ನೆನಪಿತ್ತು.

ಬೇಡವೆಂದು ನಾವು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳೇನೋ. ಜಾಹೀರಾತಿನವರನ್ನು ಬಯ್ಯುವುದು ಸುಲಭ. ಅವರು ಯಂತ್ರ ಮಾರಿದರು. ಅದನ್ನು ಯಾವ ಕೋಣೆಗೆ ಒಯ್ಯಬೇಕೆಂದು ತೀರ್ಮಾನಿಸಿದ್ದು ನಾವು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ಜಗಳವೇ ಇಲ್ಲದೆ ಕೂಸು ಬಡವಾಗಿತ್ತು.

“ತಪ್ಪಾಯ್ತು ಕಣೇ” ಎಂದೆ. “ಬಿಡಮ್ಮ, ಈಗೇನದು” ಎಂದು ಅವಳು ಲೋಟ ತೊಳೆಯಲು ಒಳಗೆ ಹೋದಳು. ನಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ಹರಿಯಿತು.

ರಾತ್ರಿ ಬಡಿಸುವ ಹೊತ್ತಾದರೂ ಮೊಮ್ಮಗಳ ಲ್ಯಾಪ್‌ಟಾಪ್ ಮೇಜಿನ ಮೇಲೆಯೇ ಇತ್ತು. ಬೇರೆ ದಿನವಾಗಿದ್ದರೆ “ಸಾರು ಚೆಲ್ಲುತ್ತೆ, ತೆಗಿ” ಎಂದು ಗದರುತ್ತಿದ್ದೆ. ಅಂದು ಸಾರಿನ ಪಾತ್ರೆಯನ್ನೇ ಅಡುಗೆ ಕಟ್ಟೆಯ ಮೇಲಿಟ್ಟು, ತಟ್ಟೆಗಳನ್ನು ಅಲ್ಲಿಗೇ ತರಿಸಿಕೊಂಡು ಬಡಿಸಿದೆ.