ಗವಂತಿಯ ದಾರಿ

ಕಸೂತಿಗೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಧಾರವಾಡದ ಕಡೆ ಮನೆ ಮನೆಯಲ್ಲಿ ಬೆಳೆದ ಈ ಕಲೆಯ ಕಟ್ಟುಪಾಡೇ ಬೇರೆ. ಬಟ್ಟೆಯ ಮೇಲೆ ಪೆನ್ಸಿಲ್ ಆಡಿಸುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ನೇಯ್ಗೆಯ ಎಳೆ ಎಣಿಸುತ್ತ ಎಣಿಸುತ್ತಲೇ ಗೋಪುರ ಏಳಬೇಕು, ತೇರು ಹೊರಡಬೇಕು, ತುಳಸಿಕಟ್ಟೆ ನಿಲ್ಲಬೇಕು. ದಾರಕ್ಕೆ ಗಂಟು ಹಾಕುವಂತೆಯೂ ಇಲ್ಲ. ಅದರ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು.

ಹೊಲಿಗೆಗಳು ನಾಲ್ಕು. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಮಗ್ಗದಲ್ಲೇ ನೇಯ್ದು ಬಂದಂತೆ ಕಾಣುತ್ತದೆ. ಮೆಂತೆಯ ಗುಣಾಕಾರ ಚಿಹ್ನೆಯಂಥ ಹೊಲಿಗೆಗಳು ನಕ್ಷೆಯ ಒಡಲು ತುಂಬುತ್ತವೆ. ನನ್ನ ಜೀವ ಮಾತ್ರ ಗವಂತಿಯ ಮೇಲೆ.

ಗವಂತಿಯಲ್ಲಿ ಸೂಜಿ ಹೊರಟಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಹಾಗಾಗಿ ಬಟ್ಟೆಯ ಮೇಲೆ ಕಾಣುವುದು ತುಂಡು ತುಂಡು ಗೆರೆ. ಆನೆಯ ಸೊಂಡಿಲು ಅರ್ಧ, ಗೋಪುರದ ಅಂಚು ಅರ್ಧ. ಕೊನೆ ಮುಟ್ಟಿ, ಬಂದ ದಾರಿಯಲ್ಲೇ ಸೂಜಿ ಮರಳುವಾಗ ಬಿಟ್ಟುಹೋದ ಜಾಗವೆಲ್ಲ ತುಂಬುತ್ತದೆ. ಬಟ್ಟೆಯ ಎರಡೂ ಮೈ ಒಂದೇ ಆಗುತ್ತದೆ. ನಡುವೆ ಕವಲು ಸಿಕ್ಕರೆ ಅದರ ತುದಿಯ ತನಕ ಹೋಗಿ ಬಂದೇ ಮುಂದೆ ಸಾಗಬೇಕು. ಎಲ್ಲೋ ಒಂದು ಎಳೆ ತಪ್ಪಿದರೂ ಮರಳುವ ಸೂಜಿಗೆ ಅದು ಸಿಕ್ಕೇ ಸಿಗುತ್ತದೆ. ಅಲ್ಲಿಯ ತನಕ ಬಿಚ್ಚಲೇಬೇಕು.

ನನಗೆ ಕಲಿಸಿದ ಅಜ್ಜಿ ತಾಳ್ಮೆಯ ಬಗ್ಗೆ ಉಪದೇಶ ಮಾಡಿದವರಲ್ಲ. "ಅವಸರ ಯಾಕವಾ? ಎಳಿ ಎಣಸು, ತೇರು ತಾನ ಬರ್ತದ" ಅನ್ನುತ್ತಿದ್ದರು, ಅಷ್ಟೇ. ಆ ಮಾತಿನ ತೂಕ ಈಗ ತಿಳಿಯುತ್ತಿದೆ.

ಈಗ ಕೈಯಲ್ಲಿರುವುದು ಕಪ್ಪು ಚಂದ್ರಕಾಳಿ ಸೀರೆ, ಮಗಳ ಮದುವೆಗೆಂದು. ಮದುವೆ ಇನ್ನೂ ಗೊತ್ತಾಗಿಲ್ಲ, ಸೀರೆಯೂ ಅವಸರದಲ್ಲಿಲ್ಲ. ಸೆರಗಿನ ಹತ್ತಿರ ದೊಡ್ಡ ಗೋಪುರಗಳು, ಅಲ್ಲಿಂದ ದೂರ ಸರಿದಂತೆ ಸಣ್ಣ ಸಣ್ಣ ನಕ್ಷೆಗಳು. ಕಪ್ಪಿನ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ಹಗಲಿನಲ್ಲೇ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳುತ್ತೇನೆ. ಆಗ ಎಳೆಗಳ ಸಂದಿನಲ್ಲಿ ಬಿಳುಪು ಇಣುಕಿ ಲೆಕ್ಕ ಸಿಗುತ್ತದೆ. ಬೆಳಕು ಇಳಿದರೆ ಆ ದಿನದ ಕೆಲಸ ಮುಗಿಯಿತು. ಇಡೀ ಸೀರೆಯನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಮುಂದಿನ ನಾಲ್ಕು ಎಳೆಗಳನ್ನು ನೆನೆದರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ವರ್ಷಗಟ್ಟಲೆ ಹಿಡಿಯುವ ಯಾವ ಕೆಲಸಕ್ಕೂ ಗವಂತಿಯ ಹಾಗೆ ಒಂದು ಮೊದಲ ಸುತ್ತು ಇರುತ್ತದೆ. ಪಟ್ಟ ಶ್ರಮದಲ್ಲಿ ಅರ್ಧ ಬಟ್ಟೆಯ ಹಿಂದೆಯೇ ಉಳಿದಿರುತ್ತದೆ, ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಬಹಳ ಜನ ಕೈಬಿಡುವುದು ಅಲ್ಲೇ. ಅದಕ್ಕೇ ಕಲಿಯಬೇಕೆಂದು ಬಂದವರಿಗೆ ನಾನು ಮೊದಲು ಸೀರೆ ತೋರಿಸುವುದಿಲ್ಲ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ತುಂಡು ಕೊಟ್ಟು, ಗವಂತಿಯ ಒಂದೇ ಸಾಲು ಹೋಗಿ ಬನ್ನಿ ಅನ್ನುತ್ತೇನೆ. ಹೋಗಿ ಬಂದವರು ಎರಡನೆಯ ಸಾಲನ್ನು ತಾವೇ ಹಿಡಿಯುತ್ತಾರೆ.